ತಾಯಿಯನ್ನು ತೂಗುವವರು ಯಾರು?

ಮಗುವಿಗೆ 6, 10, 14ನೆಯ ವಾರಗಳಲ್ಲಿ, ಆಮೇಲೆ 9ನೆಯ ತಿಂಗಳಲ್ಲಿ, ಮತ್ತೆ 16ರಿಂದ 24 ತಿಂಗಳ ಒಳಗೆ ಲಸಿಕೆ ಹಾಕಿಸಬೇಕೆಂಬುದು ಇಂದು ಬಹುತೇಕ ಎಲ್ಲ ತಂದೆತಾಯಿಯರಿಗೂ ತಿಳಿದ ಸಂಗತಿ. ಅಲ್ಲಿ ಮಗುವನ್ನು ತೂಗುತ್ತಾರೆ, ಅಂಕಿಯನ್ನು ಕಾರ್ಡಿನಲ್ಲಿ ಬರೆಯುತ್ತಾರೆ. ಆ ಮಗುವನ್ನು ಎತ್ತಿಕೊಂಡು ಬಂದ ತಾಯಿಯ ತೂಕವನ್ನು ಮಾತ್ರ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ತಂದೆಯ ಮಾತಂತೂ ದೂರವೇ ಉಳಿಯಿತು.

ಇದು ಸಣ್ಣ ಲೋಪವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 24ರಷ್ಟು, ಪುರುಷರಲ್ಲಿ ಸುಮಾರು ಶೇ. 23ರಷ್ಟು ಮಂದಿ ಅತಿತೂಕದವರು. ನಗರದ ಮಹಿಳೆಯರಲ್ಲಿ ಈ ಪ್ರಮಾಣ ಮೂರರಲ್ಲೊಬ್ಬರು. ಅದೇ ಸಮೀಕ್ಷೆಯಲ್ಲಿ ಶೇ. 57ರಷ್ಟು ಮಹಿಳೆಯರು ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಮೈಯಲ್ಲಿ ತೂಕವಿದ್ದ ಮಾತ್ರಕ್ಕೆ ಪೋಷಣೆಯಿದೆ ಎಂದು ತಿಳಿಯುವಂತಿಲ್ಲ.

ಹೊರನಾಡ ಕನ್ನಡಿಗರ ಮಟ್ಟಿಗೆ ಇದಕ್ಕೆ ಇನ್ನೊಂದು ಮುಖವಿದೆ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುತ್ತಾರೆ. ಮೂರು ಅಥವಾ ಐದು ತಿಂಗಳು ಬಾಣಂತನ ಮುಗಿಸಿಕೊಂಡು ಮರಳುತ್ತಾರೆ. ಬಾಣಂತನವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹೆತ್ತ ಮೈಗೆ ವಿಶ್ರಾಂತಿಯೂ ಆರೈಕೆಯೂ ಬೇಕು. ಎದೆಹಾಲು ಕುಡಿಸುವ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಹೇಳುತ್ತದೆ. ತೊಡಕಾಗುವುದು ಹಾಲು ಬಿಡಿಸಿದ ಮೇಲೂ ತುಪ್ಪ, ಅಂಟಿನುಂಡೆಗಳ ರೂಢಿ ಉಳಿದಾಗ. ಅದಕ್ಕಿಂತ ದೊಡ್ಡ ತೊಡಕು, ವೈದ್ಯಕೀಯ ಕಾಗದಪತ್ರ ತವರಿನಲ್ಲೇ ಉಳಿಯುವುದು. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಕಂಡಿದ್ದರೆ ಹೆರಿಗೆಯಾಗಿ 6 ವಾರಕ್ಕೆ ಮತ್ತೆ ಪರೀಕ್ಷಿಸಬೇಕು; ಅಂಥವರಿಗೆ ಮುಂದೆ ಮಧುಮೇಹ ಬರುವ ಸಂಭವ ಹಲವು ಪಟ್ಟು ಹೆಚ್ಚು. ಊರಿನ ವೈದ್ಯರಿಗೆ ಗೊತ್ತಿದ್ದ ಈ ಸಂಗತಿ ಠಾಣೆಯ ಅಥವಾ ಸಿಕಂದರಾಬಾದಿನ ವೈದ್ಯರಿಗೆ ತಿಳಿಯುವುದೇ ಇಲ್ಲ.

ಸರಕಾರದ ವ್ಯವಸ್ಥೆಯಲ್ಲೂ ಒಂದು ಬಿರುಕಿದೆ. ಪ್ರಾಥಮಿಕ ಕೇಂದ್ರಗಳಲ್ಲಿ ರಕ್ತದೊತ್ತಡ, ಮಧುಮೇಹಗಳ ತಪಾಸಣೆ 30 ವರ್ಷ ದಾಟಿದವರಿಗೆಂದು ರೂಪುಗೊಂಡದ್ದು. ಇಪ್ಪತ್ತೈದರ ತಾಯಿ ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅವಳು ಲಸಿಕೆಗಾಗಿ ಅದೇ ಕೇಂದ್ರದ ಬಾಗಿಲಿಗೆ ಮತ್ತೆ ಮತ್ತೆ ಬರುತ್ತಾಳೆ! ಇಂಗ್ಲೆಂಡಿನಲ್ಲಿ ಸಂಶೋಧಕರು ಮಗುವಿನ ಲಸಿಕೆಯ ಭೇಟಿಯಲ್ಲಿಯೇ ತಾಯಿಯನ್ನೂ ತೂಗಿ, ದಾದಿಯರ ಮೂಲಕ ಬೆಂಬಲ ನೀಡುವ ಕ್ರಮವನ್ನು ಪ್ರಯೋಗಿಸಿ ನೋಡಿದ್ದಾರೆ. ಮುಂಬಯಿಯ 'ಆಪಲಾ ದವಾಖಾನಾ', ಹೈದರಾಬಾದಿನ 'ಬಸ್ತಿ ದವಾಖಾನಾ'ಗಳಲ್ಲಿ ಅದು ಅಸಾಧ್ಯವೆ? ಬೇಕಾದದ್ದು ಒಂದು ತೂಕದ ಯಂತ್ರ, ಒಂದು ಅಳತೆಪಟ್ಟಿ. ಸೊಂಟದ ಸುತ್ತಳತೆ ಮಹಿಳೆಯರಲ್ಲಿ 80, ಪುರುಷರಲ್ಲಿ 90 ಸೆಂಟಿಮೀಟರ್ ಮುಟ್ಟಿದರೆ ಎಚ್ಚರ ವಹಿಸಬೇಕೆಂಬುದು ಭಾರತೀಯರಿಗಾಗಿ ವೈದ್ಯರು ಹಾಕಿಕೊಟ್ಟ ಗೆರೆ.

ಆದರೆ ಅಳತೆಗಿಂತ ಮುಖ್ಯವಾದದ್ದು ಮಾತು. ಹೊಸದಾಗಿ ಬಂದ ಸೊಸೆಗೆ ಮರಾಠಿಯೋ ತಮಿಳೋ ಇನ್ನೂ ಬಾಯಿಗೆ ಹತ್ತಿರುವುದಿಲ್ಲ. ಮಗು ಬಿಟ್ಟ ಗಂಜಿಯನ್ನು ತಾನೇ ಮುಗಿಸುವುದನ್ನು, ಲೋಕಲ್ ರೈಲಿನಿಂದ ಇಳಿದು ಬರುವ ಗಂಡನಿಗಾಗಿ ಕಾದು ರಾತ್ರಿ ಹತ್ತಕ್ಕೆ ಉಣ್ಣುವುದನ್ನು, ನಿದ್ದೆಗೆಟ್ಟ ರಾತ್ರಿಗಳನ್ನು ಆಕೆ ಯಾವ ಭಾಷೆಯಲ್ಲಿ ಹೇಳಿಕೊಳ್ಳಬೇಕು? 'ದಪ್ಪಗಾಗಿದ್ದೀಯ' ಎಂಬ ಒಂದು ಮಾತು ಅವಳನ್ನು ದವಾಖಾನೆಯಿಂದಲೇ ದೂರ ಮಾಡೀತು.

ಇಲ್ಲಿಯೇ ಸಂಘಗಳ ಕರ್ತವ್ಯ ತೊಡಗುತ್ತದೆ. ನಮ್ಮ ಆರೋಗ್ಯ ಶಿಬಿರಗಳು ಬಹುಪಾಲು ಹಿರಿಯರಿಗೆ ಮೀಸಲು. ಅವು ನಡೆಯಲಿ. ಜತೆಗೆ ವರ್ಷಕ್ಕೆರಡು ಬಾರಿ, ಭಾನುವಾರ, ಎಳೆಯ ಮಕ್ಕಳ ತಂದೆತಾಯಿಯರಿಬ್ಬರಿಗೂ ಒಂದು ಶಿಬಿರ ಏರ್ಪಡಲಿ. ತವರಿನ ಕಾಗದಗಳನ್ನು ತರುವಂತೆ ಹೇಳೋಣ. ನಮ್ಮಲ್ಲಿನ ಕನ್ನಡ ಬಲ್ಲ ವೈದ್ಯರೂ ದಾದಿಯರೂ ಅವರೊಡನೆ ಕುಳಿತು, ದೂಷಿಸದೆ ಮಾತನಾಡಲಿ. ಅಗತ್ಯ ಕಂಡಾಗ ಹತ್ತಿರದ ದವಾಖಾನೆಗೆ ಒಬ್ಬರು ಜತೆಗೆ ಹೋಗಲಿ. ಭಾಷೆಯನ್ನು ಉಳಿಸುತ್ತೇವೆಂದು ಹೇಳುವ ಸಂಘಗಳು ಆ ಭಾಷೆಯಿಂದ ಒಬ್ಬ ತಾಯಿಯ ಆರೋಗ್ಯವನ್ನು ಉಳಿಸಲಾರವೆ?

-ಸಂಪಾದಕ