ಸಿಕ್ಕ ಗ್ರಹ, ಸಿಗದ ಗ್ರಹ

'ಅದು ಬರೀ ಥಿಯರಿ ಬಿಡೋ' ಅಂತ ನಾವು ಮಾತುಮಾತಿಗೆ ಹೇಳ್ತೀವಿ, ಥಿಯರಿ ಅಂದ್ರೆ ಬಾಯಿಗೆ ಬಂದ ಊಹೆ ಅನ್ನೋ ಹಾಗೆ. ನಾವು ಓದುತ್ತಿರುವ ಇದೇ ಬರ್ಲಿನ್‌ನಲ್ಲಿ 1846ರ ಸೆಪ್ಟೆಂಬರ್ 23ರ ರಾತ್ರಿ ಒಂದು ಥಿಯರಿ ಪರೀಕ್ಷೆಗೆ ಕೂತಿತ್ತು. ಯುರೇನಸ್ ಗ್ರಹ ನ್ಯೂಟನ್ನನ ಲೆಕ್ಕ ತಪ್ಪಿ ಚಲಿಸುತ್ತಿತ್ತು. ಕಾಣದ ಇನ್ನೊಂದು ಗ್ರಹ ಅದನ್ನು ಎಳೆಯುತ್ತಿದೆ, ಇಂಥಲ್ಲೇ ಹುಡುಕಿ ಎಂದು ಫ್ರಾನ್ಸಿನ ಲೆವೆರಿಯೇ ಪತ್ರ ಬರೆದಿದ್ದ. ಇಲ್ಲಿನ ವೀಕ್ಷಣಾಲಯದ ಗಾಲೆ ದೂರದರ್ಶಕದಲ್ಲಿ ನೋಡಿದ, ನಕ್ಷತ್ರಗಳ ನಕ್ಷೆಯ ಜೊತೆ ತಾಳೆ ಹಾಕೋಣ ಎಂದವನು ದಾರೆಸ್ಟ್ ಎಂಬ ವಿದ್ಯಾರ್ಥಿ (ನಮ್ಮ ಪೈಕಿಯವನೇ ಅನ್ನಿ!). ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು.

ನಮಗೆ ಇದಕ್ಕಿಂತ ಮುಖ್ಯ ಅನ್ನಿಸೋದು ಮುಂದಿನ ಕಥೆ. ಬುಧನ ಕಕ್ಷೆಯೂ ಶತಮಾನಕ್ಕೆ ಸುಮಾರು 43 ಆರ್ಕ್‌ಸೆಕೆಂಡಿನಷ್ಟು ಲೆಕ್ಕ ಮೀರಿ ತಿರುಗುತ್ತದೆ. 1859ರಲ್ಲಿ ಲೆವೆರಿಯೇ ಅದೇ ಮದ್ದು ಕೊಟ್ಟ: ಸೂರ್ಯನ ಹತ್ತಿರ ಏನೋ ಕಾಣದ್ದು ಇದೆ. 'ವಲ್ಕನ್' ಅಂತ ಹೆಸರೂ ಬಂತು, ಗ್ರಹ ಮಾತ್ರ ಸಿಗಲಿಲ್ಲ. 1915ರಲ್ಲಿ, ಮತ್ತೆ ಇದೇ ಊರಲ್ಲಿ, ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಬದಲಿಸಿದಾಗ ಆ 43 ತಾನಾಗಿ ಹೊರಬಿತ್ತು.

ಗ್ರಾಫ್ ಹೊಂದದಿದ್ದಾಗ ಇನ್ನೊಂದು ಪ್ಯಾರಾಮೀಟರ್ ಸೇರಿಸೋದು ತಪ್ಪಲ್ಲ. ನೆಪ್ಚೂನ್ ಕೂಡ ಹಾಗೇ ಬಂದದ್ದು. ಆದರೆ ಅದನ್ನು ಎಲ್ಲಿ ಹುಡುಕಬೇಕು, ಸಿಗದಿದ್ದರೆ ಏನನ್ನು ಕೈಬಿಡ್ತೀವಿ ಅನ್ನೋದನ್ನೂ ನಮ್ಮ ಥೀಸಿಸ್‌ಗಳಲ್ಲಿ ಮೊದಲೇ ಬರೆದಿಡಬೇಕು ಅನ್ನೋದು ನಮ್ಮ ವಾದ. ಗೈಡ್ ಕೇಳದಿದ್ದರೂ ಸರಿ.