ಯಾವ ಮಷಿನ್ ಚಲೋ ಅಂತ ಕೇಳೋ ತಮ್ಮಂದಿರಿಗೆ



ಪೋಸ್ಟ್ ಸ್ವಲ್ಪ ಉದ್ದ ಆಗ್ತದೆ, ಆದರೂ ಪೂರ್ತಿ ಓದಿ. ಇದು ನಮ್ಮ ಕೇರಿ ಹುಡುಗರ ರೊಕ್ಕದ ವಿಷಯ, ನಾಳೆ ಬೀಳಬಹುದಾದ ಕೇಸಿನ ವಿಷಯ.

ಬಂಗಾರದ ರೇಟು ಏರಿದಂಗೆಲ್ಲಾ ಕೆಂಚನಗುಡ್ಡದಿಂದ ಹಿಡಿದು ಸಿರುಗುಪ್ಪ, ಕುರುಗೋಡು, ಬಳ್ಳಾರಿ ತನಕ ಹುಡುಗರ ಮೊಬೈಲಿನಲ್ಲಿ ಒಂದೇ ನಮೂನೆ ವಿಡಿಯೋ ಓಡ್ತಿವೆ. ಯಾವನೋ ಒಬ್ಬ ಬಯಲಿನಲ್ಲಿ ಕೋಲಿನ ತುದಿಗೆ ತಟ್ಟೆ ಕಟ್ಟಿದಂಥ ಮಷಿನ್ ಹಿಡ್ಕೊಂಡು ಹೋಗ್ತಾನೆ, ಅದು ಕುಂಯ್ ಅಂತದೆ, ಅಗೀತಾನೆ, ಅಂಗೈಯಲ್ಲಿ ಬಂಗಾರದ ತುಂಡು! ಕೆಳಗೆ ಒಂದು ಫೋನ್ ನಂಬರು.

"ಅಣ್ಣಾ, ನೀನು ದಿನಾ ಆಫೀಸಿನಾಗ ಕಂಪ್ಯೂಟರ್ ಮುಂದ ಕುಂದರ್ತಿ. ಇವುದ್ರಾಗ ಯಾವ ಮಷಿನ್ ಚಲೋ ನೋಡಿ ಹೇಳು" ಅಂತ ನಾಕೈದು ಮಂದಿ ಕೇಳಿದ್ದಾರೆ. ಒಬ್ಬನಂತೂ ಅವ್ವನ ಹೆಸರಲ್ಲಿ ಸಂಘದ ಸಾಲ ಎತ್ತೋಕೆ ತಯಾರಾಗಿದ್ದಾನೆ.

ಬೈದು ಕಳಿಸಬಹುದು. ಆದರೆ ಬೈದರೆ ಯಾರೂ ಕೇಳಲ್ಲ, ಕದ್ದು ತರಿಸ್ತಾರೆ. ಅದಕ್ಕೆ ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರ ಕೊಡ್ತೀನಿ. ನಾನು ಓದಿದ್ದು ಬಿಎ, ಮಾಡೋದು ಗುಮಾಸ್ತನ ಕೆಲಸ. ಕಂಪನಿಯವರೇ ಕೊಟ್ಟ ಮಾಹಿತಿ ಓದೋಕೆ ಇಂಜಿನಿಯರ್ ಆಗಬೇಕಿಲ್ಲ.

ಮೊದಲು ಮಷಿನ್ ಹೆಂಗೆ ಕೆಲಸ ಮಾಡ್ತದೆ ಅಂತ ತಿಳ್ಕೊಳ್ಳಿ. ಆ ತಟ್ಟೆಯೊಳಗೆ ತಂತಿ ಸುರುಳಿ ಇರ್ತದೆ. ಅದರಲ್ಲಿ ಕರೆಂಟ್ ಹರಿದಾಗ ನೆಲದೊಳಕ್ಕೆ ಅಯಸ್ಕಾಂತದ ಪ್ರಭಾವ ಇಳೀತದೆ. ಅಲ್ಲಿ ಲೋಹ ಇದ್ದರೆ ಅದರಲ್ಲೂ ಸಣ್ಣ ಕರೆಂಟ್ ಹುಟ್ಟಿ, ಅದರ ಪ್ರಭಾವ ವಾಪಸ್ ಮೇಲಕ್ಕೆ ಬರ್ತದೆ. ಮಷಿನ್ ಕೇಳಿಸಿಕೊಳ್ಳೋದು ಅಷ್ಟನ್ನೇ. ಬಂಗಾರಕ್ಕೆ ಅಂತ ಬೇರೆ ವಾಸನೆ ಇಲ್ಲ, ಕಿರಣ ಇಲ್ಲ.

ಇದರಲ್ಲಿ ಎರಡು ಮುಖ್ಯ ಜಾತಿ. (ಮಷಿನ್‌ನಲ್ಲೂ ಜಾತಿ ಅಂತ ನಗಬೇಡಿ.)

ಒಂದು, ಬಿಡುವಿಲ್ಲದೆ ತರಂಗ ಕಳಿಸೋದು. ಮೈನ್‌ಲ್ಯಾಬ್ ಕಂಪನಿಯ ಗೋಲ್ಡ್ ಮಾನ್‌ಸ್ಟರ್ 1000, ಫಿಷರ್ ಕಂಪನಿಯ ಗೋಲ್ಡ್ ಬಗ್ 2 ಈ ಥರದವು. ಮೊದಲನೆಯದು 45 ಕಿಲೋಹರ್ಟ್ಸ್, ಎರಡನೆಯದು 71 ಕಿಲೋಹರ್ಟ್ಸ್. ತರಂಗ ಹೆಚ್ಚಾದಷ್ಟೂ ಅಕ್ಕಿ ನುಚ್ಚಿನಷ್ಟು ಸಣ್ಣ ತುಂಡೂ ಗೊತ್ತಾಗ್ತದೆ, ಆದರೆ ಮೇಲ್ಮೇಲೆ ಇದ್ದರೆ ಮಾತ್ರ. ಕಬ್ಬಿಣ ಯಾವುದು, ಬೇರೆ ಲೋಹ ಯಾವುದು ಅಂತ ಸುಮಾರಾಗಿ ಹೇಳ್ತವೆ. ಕಬ್ಬಿಣದ ಅಂಶ ಹೆಚ್ಚಿರೋ ಮಣ್ಣಿನಲ್ಲಿ ಗೊಂದಲಕ್ಕೆ ಬೀಳ್ತವೆ.

ಎರಡನೇದು, ಒಂದು ಹೊಡೆತ ಹೊಡೆದು, ನಿಲ್ಲಿಸಿ, ಆಮೇಲೆ ಕಿವಿಗೊಡೋದು. ಮೈನ್‌ಲ್ಯಾಬ್‌ನ ಜಿಪಿಎಕ್ಸ್ 6000, ಗ್ಯಾರೆಟ್ ಕಂಪನಿಯ ಎಟಿಎಕ್ಸ್ ಈ ಥರದವು. ಕೆಟ್ಟ ಮಣ್ಣಿನಲ್ಲೂ ಕೆಲಸ ಮಾಡ್ತವೆ, ಸ್ವಲ್ಪ ಆಳಕ್ಕೂ ಹೋಗ್ತವೆ. ಆದರೆ ಮೊಳೆ ಯಾವುದು ಬಂಗಾರ ಯಾವುದು ಅಂತ ಬೇರ್ಪಡಿಸೋದರಲ್ಲಿ ಸೋಲ್ತವೆ. ಅದೇ ಮೈನ್‌ಲ್ಯಾಬ್‌ನ ಜಿಪಿಜೆಡ್ 7000 ಅಂತ ಇನ್ನೊಂದು ದೊಡ್ಡ ಮಷಿನ್ ಇದೆ. ಅದು ಇದಕ್ಕಿಂತ ಬೇರೆ ತಂತ್ರದ್ದು, ದೊಡ್ಡ ತುಂಡಿಗೆ ಇನ್ನೂ ಆಳ ಹೋಗ್ತದೆ, ತೂಕ ಮೂರು ಕೆಜಿ ಮೀರಿದೆ. ಜಿಪಿಎಕ್ಸ್ 6000 ಎರಡು ಕೆಜಿ ಚಿಲ್ಲರೆ, ದಿನವೆಲ್ಲಾ ಬೀಸೋಕೆ ಹಗುರ. ಬೆಲೆ? 2021ರಲ್ಲಿ ಬಂದಾಗ ಅಮೆರಿಕದಲ್ಲಿ ಸುಮಾರು 6000 ಡಾಲರ್. ನಮ್ಮ ರೂಪಾಯಿಗೆ ತಿರುಗಿಸಿ, ಮೇಲೆ ತೆರಿಗೆ ಸೇರಿಸಿ ನೋಡಿ. ಒಂದು ಎಕರೆ ಭತ್ತ ಬೆಳೆದು ಅಷ್ಟು ಉಳಿಸೋಕೆ ಎಷ್ಟು ವರ್ಷ ಬೇಕು?

ಹಂಗಾದರೆ ಯಾವುದು ಚಲೋ? ಆಸ್ಟ್ರೇಲಿಯಾದಲ್ಲಿ, ಲೈಸೆನ್ಸ್ ತಗೊಂಡು, ಮೊದಲೇ ಬಂಗಾರದ ಗಟ್ಟಿ ಸಿಕ್ಕ ಬಯಲಿನಲ್ಲಿ ಹುಡುಕೋರಿಗೆ ಜಿಪಿಎಕ್ಸ್ 6000 ಚಲೋ. ಕಡಿಮೆ ರೊಕ್ಕದವರಿಗೆ ಗೋಲ್ಡ್ ಮಾನ್‌ಸ್ಟರ್ ಚಲೋ.

ಕೆಂಚನಗುಡ್ಡಕ್ಕೆ? ಒಂದೂ ಅಲ್ಲ. ಯಾಕೆ ಅಂತ ಹೇಳ್ತೀನಿ.

ಮೊದಲನೇ ಕಾರಣ ಆಳ. ಸಣ್ಣ ವಸ್ತು ಇರೋ ಆಳ ಎರಡು ಪಟ್ಟು ಆದರೆ ವಾಪಸ್ ಬರೋ ಸಿಗ್ನಲ್ ಅರ್ಧ ಆಗಲ್ಲ, ಹೆಚ್ಚುಕಮ್ಮಿ 64ರಲ್ಲಿ ಒಂದು ಪಾಲು ಆಗ್ತದೆ. ಹೋಗೋವಾಗ 8ರಲ್ಲಿ ಒಂದು, ಬರೋವಾಗ ಮತ್ತೆ 8ರಲ್ಲಿ ಒಂದು. ಇದು ಭೌತಶಾಸ್ತ್ರ, ಯಾವ ಕಂಪನಿಯೂ ತಿದ್ದೋಕಾಗಲ್ಲ. ಒಂದು ನಾಣ್ಯ ಒಂದು ಗೇಣು, ಒಂದೂವರೆ ಗೇಣು ಆಳದಲ್ಲಿದ್ದರೆ ಒಳ್ಳೆ ಮಷಿನ್‌ಗೆ ಸಿಗಬಹುದು. "ಹತ್ತು ಮೀಟರ್ ಕೆಳಗಿನ ಉಂಗುರ ತೋರಿಸ್ತದೆ" ಅಂದವನು ಸುಳ್ಳ.

ಎರಡನೇದು ನಮ್ಮ ನೆಲ. ಸಂಡೂರಿನ ಕಬ್ಬಿಣದ ಬೆಟ್ಟ ಇರೋ ಸೀಮೆ ಇದು. ಮೇಲಾಗಿ ಸಾವಿರಾರು ವರ್ಷ ಜನ ಬಾಳಿದ ನೆಲ. ಎತ್ತಿನ ಲಾಳ, ಮುರಿದ ಕುಡುಗೋಲು, ಬಂಡಿ ಗಾಲಿಯ ಪಟ್ಟಿ, ಬಾಟ್ಲಿ ಮುಚ್ಚಳ, ಮಾತ್ರೆ ಹಾಳೆ, ಎಲ್ಲದಕ್ಕೂ ಮಷಿನ್ ಕುಂಯ್ ಅಂತದೆ. ಪ್ರತಿ ಕುಂಯ್‌ಗೂ ಒಂದು ಗುಂಡಿ.

ಮೂರನೇದು, ನಮ್ಮ ಕಡೆ ಬಂಗಾರ ಇರೋ ರೀತಿ. "ಹಟ್ಟಿ ಹತ್ರಾನೇ ಐತಲ್ಲಣ್ಣ" ಅಂತೀರಿ. ಹೌದು, ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಬಂಗಾರ ಇದೆ. ಆದರೆ ಅದು ಗಟ್ಟಿಯಾಗಿ ಬಿದ್ದಿಲ್ಲ. ಕಲ್ಲಿನೊಳಗೆ ಕಣ್ಣಿಗೆ ಕಾಣದ ಕಣವಾಗಿದೆ. ಒಂದು ಟನ್ ಕಲ್ಲು ಒಡೆದು, ಪುಡಿ ಮಾಡಿ, ರಾಸಾಯನಿಕದಲ್ಲಿ ತೊಳೆದರೆ ಸಿಗೋದು ಎರಡು ಮೂರು ಗ್ರಾಂ ಲೆಕ್ಕದಲ್ಲಿ. ಅಂಥ ಕಲ್ಲಿನ ಮೇಲೆ ಐದು ಲಕ್ಷದ ಮಷಿನ್ ಇಟ್ಟರೂ ಅದು ಸುಮ್ಮನಿರ್ತದೆ. ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಹಿಂದೆ ಮಣ್ಣು ತೊಳೆದು ಬಂಗಾರದ ಪುಡಿ ತೆಗೀತಿದ್ದರು. ಅವರ ಹತ್ತಿರ ಇದ್ದದ್ದು ಮರಿಗೆ ಮತ್ತು ನೀರು. ತಲೆಮಾರುಗಟ್ಟಲೆ ತೊಳೆದರೂ ಅವರು ಬಡವರಾಗೇ ಉಳಿದರು.

ಇಷ್ಟೂ ನಿಜವಾದ ಮಷಿನ್‌ಗಳ ಮಾತು. ನಿಮ್ಮ ಮೊಬೈಲಿಗೆ ಬರೋದರಲ್ಲಿ ಎಷ್ಟೋ ಇವೇ ಅಲ್ಲ. ಮೈನ್‌ಲ್ಯಾಬ್ ಹೆಸರು ಅಂಟಿಸಿದ ನಕಲಿ ಮಷಿನ್‌ಗಳ ಬಗ್ಗೆ ಆ ಕಂಪನಿಯೇ ಎಚ್ಚರಿಕೆ ಕೊಟ್ಟಿದೆ. ಅದಕ್ಕಿಂತ ಮೋಸದ್ದು ಕೈಯಲ್ಲಿ ಹಿಡಿಯೋ ಎರಡು ಕಡ್ಡಿ, ತಿರುಗೋ ಆಂಟೆನಾ. "ಒಂದು ಕಿಲೋಮೀಟರ್ ದೂರದಿಂದ ಬಂಗಾರದ ದಿಕ್ಕು ತೋರಿಸ್ತದೆ" ಅಂತ ಮಾರ್ತಾರೆ. ಇದಕ್ಕೆ ಒಂದು ನಿಜವಾದ ಕಥೆ ಹೇಳ್ತೀನಿ.

ಇಂಗ್ಲೆಂಡಿನ ಜೇಮ್ಸ್ ಮೆಕಾರ್ಮಿಕ್ ಅನ್ನೋನು ಇಂಥದೇ ಆಂಟೆನಾ ಡಬ್ಬಿಯನ್ನ ಎಡಿಇ 651 ಅಂತ ಹೆಸರಿಟ್ಟು, ಬಾಂಬ್ ಹುಡುಕೋ ಸಾಧನ ಅಂತ ಇರಾಕ್ ಸರ್ಕಾರಕ್ಕೆ ಮಾರಿದ. ಒಂದಕ್ಕೆ 40,000 ಡಾಲರ್ ತನಕ ತಗೊಂಡ. ಒಳಗೆ ಕೆಲಸ ಮಾಡೋದು ಏನೂ ಇರಲಿಲ್ಲ. ಅದರ ಮೂಲ, ಕಳೆದುಹೋದ ಗಾಲ್ಫ್ ಚೆಂಡು ಹುಡುಕೋಕೆ ಅಂತ ಮಾರ್ತಿದ್ದ ಆಟಿಕೆ. ಬಾಗ್ದಾದಿನ ಚೆಕ್‌ಪೋಸ್ಟ್‌ಗಳಲ್ಲಿ ಪೊಲೀಸರು ಅದನ್ನ ಹಿಡ್ಕೊಂಡು ನಿಂತಿರ್ತಿದ್ದರು, ಬಾಂಬ್ ಇಟ್ಟ ಗಾಡಿಗಳು ದಾಟಿ ಹೋಗ್ತಿದ್ದವು. 2013ರಲ್ಲಿ ಅವನಿಗೆ ಹತ್ತು ವರ್ಷ ಜೈಲಾಯ್ತು. ಒಂದು ದೇಶದ ಸರ್ಕಾರವೇ ಮೋಸ ಹೋಗಿದೆ ಅಂದ್ರೆ, ಅವ್ವನ ಸಂಘದ ಸಾಲ ಹಿಡ್ಕೊಂಡು ಹೋಗೋ ಹುಡುಗ ಯಾವ ಲೆಕ್ಕ?

ಇನ್ನು ಅಸಲು ಮಾತಿಗೆ ಬರ್ತೀನಿ. ಮಷಿನ್ ಹೋಲಿಸೋಕಿಂತ ಮೊದಲು ಇನ್ನೊಂದು ಹೋಲಿಕೆ ಮಾಡಿ: ಮಷಿನ್ ಹಿಡಿಯೋರು ಯಾರು, ಗುದ್ದಲಿ ಹಿಡಿಯೋರು ಯಾರು?

ನಿಧಿ ಗ್ಯಾಂಗಿನ ಲೆಕ್ಕ ನನಗೆ ಗೊತ್ತಿರೋ ಮಟ್ಟಿಗೆ ಹಿಂಗೆ. ರೊಕ್ಕ ಹಾಕೋನು ಊರಲ್ಲಿ ದೊಡ್ಡವನು. ಅಮಾವಾಸ್ಯೆ ನೋಡೋನು ಒಬ್ಬ ಸ್ವಾಮಿ. ಮಷಿನ್ ಹಿಡಿಯೋನು ಹೊರಗಿನಿಂದ ಬಂದವನು. ರಾತ್ರಿ ಗುಂಡಿಗೆ ಇಳಿಯೋಕೆ ಮಾತ್ರ ಕೇರಿ ಹುಡುಗರು ಬೇಕು. "ಬಾರಲೇ, ಒಂದು ರಾತ್ರಿಗೆ ಎರಡು ಸಾವಿರ" ಅಂತಾರೆ. ಪೊಲೀಸ್ ಜೀಪ್ ಬಂದಾಗ ಗಾಡಿ ಇದ್ದವರು ಓಡ್ತಾರೆ. ಗುಂಡಿಯಲ್ಲಿ ಇದ್ದವನು ಎಲ್ಲಿಗೆ ಓಡ್ತಾನೆ?

2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನ ನಿಧಿ ಆಸೆಗೆ ಒಡೆದು ಹಾಕಿದರು. ಆಂಧ್ರದ ಕಡೆಯ ಗ್ಯಾಂಗ್ ಸಿಕ್ಕಿಬಿತ್ತು. ಅದೇ ತುಂಗಭದ್ರೆಯ ದಂಡೆಯಲ್ಲಿ, ಕೆಳಗಡೆ, ನಮ್ಮ ಕೆಂಚನಗುಡ್ಡ ಇದೆ. ಇಲ್ಲೂ ವಸುಧೇಂದ್ರ ತೀರ್ಥರ ವೃಂದಾವನ ಇದೆ, ವಿಜಯನಗರ ಕಾಲದ ಅಣೆಕಟ್ಟು ಇದೆ. ನಾಳೆ ಇಲ್ಲಿ ಒಂದು ಕಲ್ಲು ಅಲುಗಿದರೆ ಮೊದಲು ಯಾರ ಮನೆ ಬಾಗಿಲು ಬಡೀತಾರೆ? ಮಷಿನ್ ಇರೋ ಹುಡುಗನ ಮನೆ. ಆ ಮನೆ ಕೇರಿಯಲ್ಲಿದ್ದರೆ ತನಿಖೆ ಅಲ್ಲಿಗೇ ಮುಗೀತದೆ.

ಕಾನೂನೂ ಕೇಳಿಕೊಳ್ಳಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕೇಂದ್ರ ಕಾಯ್ದೆಯಲ್ಲಿ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ. ಬಂಗಾರದ ಅದಿರು ಹುಡುಕೋಕೆ 1957ರ ಗಣಿ ಮತ್ತು ಖನಿಜ ಕಾಯ್ದೆ ಪ್ರಕಾರ ಪರವಾನಗಿ ಬೇಕು. ಪಾಯ ತೋಡುವಾಗ ಆಕಸ್ಮಾತ್ ನಿಧಿ ಸಿಕ್ಕರೂ ಕರ್ನಾಟಕದ 1962ರ ನಿಧಿ ಕಾಯ್ದೆ ಇದೆ, ಅಧಿಕಾರಿಗಳಿಗೆ ತಿಳಿಸಬೇಕು, ಬಚ್ಚಿಟ್ಟರೆ ಅಪರಾಧ. ನಿಧಿ ಹೆಸರಲ್ಲಿ ಬಲಿ, ವಾಮಾಚಾರ ಮಾಡಿದರೆ ಮೌಢ್ಯ ತಡೆಗೆ ಅಂತ 2017ರಲ್ಲಿ ಬಂದ ಕಾಯ್ದೆ ಹಿಡೀತದೆ. ಆ ಬಲಿಗೆ ಯಾವಾಗಲೂ ಹುಡುಕೋದು ಬಡವರ ಮನೆ ಮಗುವನ್ನೇ ಅನ್ನೋದನ್ನ ನಾನು ಬಿಡಿಸಿ ಹೇಳಬೇಕಿಲ್ಲ.

ಬಂಗಾರಕ್ಕಾಗಿ ನೆಲದೊಳಗೆ ಇಳಿಯೋದು ನಮ್ಮ ಜನಕ್ಕೆ ಹೊಸದಲ್ಲ. ಕೋಲಾರದಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದವರಲ್ಲಿ ಹೆಚ್ಚಿನವರು ದಲಿತರು. ನೂರಿಪ್ಪತ್ತು ವರ್ಷ ಬಂಗಾರ ತೆಗೆದು ಕೊಟ್ಟರು. ಧೂಳು ಕುಡಿದ ಪುಪ್ಪುಸ ಅವರ ಪಾಲಿಗೆ ಬಂತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಬೀದಿಗೆ ಬಿದ್ದವರೂ ಅವರೇ. ಅಗೆದವನಿಗೆ ಬಂಗಾರ ಸಿಕ್ಕ ಲೆಕ್ಕ ನಮ್ಮ ಚರಿತ್ರೆಯಲ್ಲಿ ಇಲ್ಲ.

ಇನ್ನೊಂದು ಚರಿತ್ರೆಯೂ ಇದೆ. 1915ರಲ್ಲಿ ಬೀಡನ್ ಅನ್ನೋ ಇಂಜಿನಿಯರ್, ನದಿ ಆಚೆ ಸಿಂಧನೂರು ದಾಟಿದರೆ ಸಿಗೋ ಮಸ್ಕಿ ಕಡೆ ಬಂಗಾರ ಹುಡುಕ್ತಾ ಇದ್ದ. ಅವನ ಕಣ್ಣಿಗೆ ಬಿದ್ದದ್ದು ಬಂಡೆ ಮೇಲಿನ ಅಕ್ಷರ. ಅದು ಅಶೋಕನ ಶಾಸನ. ಅದುವರೆಗೆ ಸಿಕ್ಕ ಶಾಸನಗಳಲ್ಲಿ ಬಿರುದು ಮಾತ್ರ ಇತ್ತು. ಅಶೋಕ ಅನ್ನೋ ಹೆಸರು ಮೊದಲು ಓದಿದ್ದು ಅಲ್ಲಿ. ಆಮೇಲೆ ನಮ್ಮದೇ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಅಶೋಕನ ಹೆಸರಿರೋ ಶಾಸನ ಸಿಕ್ಕವು. ತೆಕ್ಕಲಕೋಟೆ ಗುಡ್ಡದಲ್ಲಿ 1960ರ ದಶಕದಲ್ಲಿ ಅಗೆದಾಗ ಕಲ್ಲಿನ ಆಯುಧ ಬಳಸ್ತಿದ್ದ ಜನರ ಮನೆ, ಸಮಾಧಿ ಸಿಕ್ಕವು, ಜೊತೆಗೆ ಚಿನ್ನದ ಒಡವೆಯೂ ಸಿಕ್ತು. ಆ ಒಡವೆ ಯಾವ ಪದರದಲ್ಲಿ, ಯಾವ ಮಡಕೆ ಜೊತೆ ಇತ್ತು ಅಂತ ಬರೆದಿಟ್ಟಿದ್ದಕ್ಕೆ ಅದು ಚರಿತ್ರೆ ಆಯ್ತು. ಕದ್ದು ತೆಗೆದಿದ್ದರೆ ಯಾವುದೋ ಅಂಗಡಿಯಲ್ಲಿ ಕರಗಿ ಕೆಲವು ಗ್ರಾಂ ಆಗ್ತಿತ್ತು.

ನಮಗೆ ಚರಿತ್ರೆ ಇಲ್ಲ ಅಂತ ಹೇಳಿಸಿಕೊಂಡ ಜನ ನಾವು. ಬಾಬಾಸಾಹೇಬರು ಹಿಡಿದ ಬುದ್ಧನ ದಾರಿ ನಮ್ಮ ಹೊಲದ ಬದುವಿನಲ್ಲೇ ಹಾದುಹೋಗಿದೆ ಅಂತ ಹೇಳೋ ಬಂಡೆಗಳು ಇವು. ಬಂಡೆ ಮೇಲಿನ ಅಕ್ಷರಕ್ಕೆ ಯಾವ ಮಷಿನ್ನೂ ಕುಂಯ್ ಅನ್ನಲ್ಲ. ನಿಧಿ ಆಸೆಗೆ ಬಂಡೆ ಸಿಡಿಸೋರಿಗೆ ಅದು ಬರೀ ಕಲ್ಲು.

ಅದಕ್ಕೆ ತಮ್ಮಂದಿರಾ, ಮೂರು ಮಾತು. ಸಂಘದ ಸಾಲ ಎತ್ತಿ ಮಷಿನ್ ತರಬೇಡಿ, ವಾರದ ಕಂತು ಕಟ್ಟೋಳು ಅವ್ವ. ರಾತ್ರಿ ಅಗೆಯೋಕೆ ಯಾರಾದರೂ ಕರೆದರೆ ಹೋಗಬೇಡಿ, ಕರೆದವನ ಹೆಸರು ನನಗೆ ಹೇಳಿ, ಕೂಡಿ ಠಾಣೆಗೆ ಹೋಗೋಣ. ಈಗಾಗಲೇ ಯಾರಿಗಾದರೂ ಅಡ್ವಾನ್ಸ್ ಕಟ್ಟಿದ್ದರೆ ನಾಚಿಕೆ ಬಿಟ್ಟು ರಸೀದಿ, ಮೆಸೇಜು ಅಳಿಸದೆ ತಗೊಂಡು ಬನ್ನಿ. ಅರ್ಜಿ ನಾನು ಬರೆದು ಕೊಡ್ತೀನಿ, ಅದು ನನಗೆ ಬರೋ ಕೆಲಸ.

ಮಷಿನ್ ಆಪರೇಟರ್ ಆಗೋ ಆಸೆ ಇದ್ದರೆ ಐಟಿಐ ಅರ್ಜಿ ಬಗ್ಗೆ ಕೇಳೋಕೂ ಬನ್ನಿ. ಆದಿತ್ಯವಾರ ಬೆಳಿಗ್ಗೆ ಕೇರಿ ಸಮುದಾಯ ಭವನದಲ್ಲಿ ಇರ್ತೀನಿ.

ಇದನ್ನ ನಿಮ್ಮ ಊರಿನ ಗ್ರೂಪಿಗೆ ಹಾಕಿ. ಜೈ ಭೀಮ್.