ವಿಹಾರಧಾಮದಲ್ಲಿ ಊಟ: ಹಣಕ್ಕೆ ತಕ್ಕಷ್ಟೋ, ಹಸಿವಿಗೆ ತಕ್ಕಷ್ಟೋ?

ಕಳೆದ ಬೇಸಿಗೆ ರಜೆಯಲ್ಲಿ ಬ್ಯಾಟರಾಯನಪುರದ ನನ್ನ ಚಿಕಿತ್ಸಾಲಯಕ್ಕೆ ವಾಂತಿಯಿಂದ ಬಳಲಿದ ಬಾಲಕನೊಬ್ಬನನ್ನು ಕರೆತಂದರು. ಹಿಂದಿನ ದಿನ ವಿಹಾರಧಾಮವೊಂದರಲ್ಲಿ, ಬಫೆಗೆ ತೆತ್ತ ಹಣ ವ್ಯರ್ಥವಾಗಬಾರದೆಂದು ತಂದೆಯೇ ಒತ್ತಾಯಿಸಿ ಉಣಿಸಿ, ಒಡನೆಯೇ ನೀರಾಟಕ್ಕೆ ಇಳಿಸಿದ್ದರು.

ಉಂಡೊಡನೆ ಸ್ನಾನ ಮಾಡುವುದನ್ನು ವಾಗ್ಭಟರ ‘ಅಷ್ಟಾಂಗಹೃದಯ’ ನಿಷೇಧಿಸುತ್ತದೆ. ಜಠರದ ಎರಡು ಪಾಲು ಅನ್ನಕ್ಕೆ, ಒಂದು ಪಾಲು ದ್ರವಕ್ಕೆ, ನಾಲ್ಕನೆಯದು ವಾಯುವಿಗೆ ಎಂಬುದೂ ಅದರದೇ ವಿಧಿ. ಆದ್ದರಿಂದ ಇಂಥ ತಾಣಗಳಲ್ಲಿ ಎಲ್ಲಿ ಉಣ್ಣಬೇಕೆಂದು ನಿರ್ಧರಿಸುವ ಮುನ್ನ, ಯಾವಾಗ ಮತ್ತು ಎಷ್ಟು ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು.

2005ರಲ್ಲಿ ಆರಂಭವಾದ ಬಿಡದಿಯ ವಂಡರ್‌ಲಾಕ್ಕೆ ಹೊರಟವರು ಬೆಳಿಗ್ಗೆ ಆ ಊರಿನ ಬಿಸಿ ತಟ್ಟೆ ಇಡ್ಲಿಯನ್ನು ಮಿತವಾಗಿ ಸೇವಿಸಲಿ. ನೀರಾಟ ಮುಗಿಸಿ, ಒಣಬಟ್ಟೆಯುಟ್ಟು, ಹಸಿವಾದಾಗ ಊಟ ಮಾಡಲಿ. ಬಫೆಗಿಂತ, ಬೇಕಾದಷ್ಟನ್ನೇ ಬಿಸಿಯಾಗಿ ತರಿಸಿಕೊಂಡು ಕುಳಿತು ಉಣ್ಣುವ ಕಡೆ ಲೇಸು. ಮಧುಮೇಹಕ್ಕೆ ಔಷಧಿ ಸೇವಿಸುವ ಹಿರಿಯರು ಮಾತ್ರ ಮಕ್ಕಳ ಆಟ ಮುಗಿಯಲೆಂದು ಕಾಯದೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕು.

ಮಠದ ದಾಸೋಹದಲ್ಲಿ ಹಸಿವಿದ್ದಷ್ಟೇ ಬಡಿಸಿಕೊಂಡು, ಒಂದಗುಳೂ ಬಿಡದೆ ಏಳುವವರು ನಾವು. ಹಣ ಕೊಟ್ಟು ಉಣ್ಣುವ ಕಡೆಯೂ ಆ ಪ್ರಸಾದಬುದ್ಧಿ ನಮ್ಮೊಡನಿರಲಿ.